ಮಂಗ ಸತ್ತ ಸುದ್ದಿ ಎಷ್ಟು ದಿನಕ್ಕೆ ತಲುಪುತ್ತದೆ?

2019ರ ಅಕ್ಟೋಬರ್ ತಿಂಗಳಲ್ಲಿ ಜಾಗತಿಕ ಆರೋಗ್ಯ ಸುರಕ್ಷಾ ಸೂಚ್ಯಂಕ ಎಂಬ ಪಟ್ಟಿಯೊಂದು ಮೊದಲ ಬಾರಿಗೆ ಪ್ರಕಟವಾಯಿತು. ಹೊಸ ಸಾಂಕ್ರಾಮಿಕ ರೋಗವೊಂದು ಎರಗಿದರೆ ಯಾವ ದೇಶ ಎಷ್ಟು ಸಜ್ಜಾಗಿದೆ ಎಂದು 195 ದೇಶಗಳನ್ನು ಅಳೆದು ಅಂಕ ಕೊಟ್ಟ ಪಟ್ಟಿ ಅದು. ಅಮೆರಿಕಕ್ಕೆ ಮೊದಲ ಸ್ಥಾನ, ಬ್ರಿಟನ್ನಿಗೆ ಎರಡನೆಯದು, ಭಾರತಕ್ಕೆ 57ನೆಯದು. ಕೆಲವೇ ವಾರಗಳಲ್ಲಿ ವುಹಾನಿನಲ್ಲಿ ಕೋವಿಡ್ ಕಾಣಿಸಿಕೊಂಡಿತು. ಮುಂದಿನ ವರ್ಷ ಆ ಮೊದಲೆರಡು ದೇಶಗಳಲ್ಲಿ ಸತ್ತವರ ಲೆಕ್ಕ ನೋಡಿದ ಮೇಲೆ ಪಟ್ಟಿಯನ್ನು ನಂಬುವವರು ಕಡಿಮೆಯಾದರು.

ಪಟ್ಟಿ ಮಾಡಿದವರು ಸುಳ್ಳು ಬರೆದಿರಲಿಲ್ಲ. ಕಾನೂನು ಇದೆಯೇ, ಪ್ರಯೋಗಾಲಯ ಇದೆಯೇ, ಯೋಜನೆಯ ಕಡತ ಇದೆಯೇ ಎಂದು ಕೇಳಿದ್ದರು; ಎಲ್ಲವೂ ಇದ್ದವು. ಇದ್ದದ್ದನ್ನು ಎಷ್ಟು ಬೇಗ ಬಳಸುತ್ತಾರೆ ಎಂಬುದನ್ನು ಅಂಕಪಟ್ಟಿಯಲ್ಲಿ ಹಿಡಿಯುವುದು ಕಷ್ಟ. ಅದಕ್ಕಾಗಿಯೇ 2021ರಲ್ಲಿ ಕೆಲವು ಸಾರ್ವಜನಿಕ ಆರೋಗ್ಯ ತಜ್ಞರು ಬೇರೆ ಅಳತೆಗೋಲನ್ನು ಮುಂದಿಟ್ಟರು. ಅದರ ಹೆಸರು 7-1-7. ರೋಗ ತಲೆಯೆತ್ತಿದ ಏಳು ದಿನಗಳೊಳಗೆ ಅದು ಯಾರದಾದರೂ ಗಮನಕ್ಕೆ ಬರಬೇಕು. ಬಂದ ಒಂದು ದಿನದೊಳಗೆ ಸಂಬಂಧಪಟ್ಟ ಅಧಿಕಾರಿಗಳಿಗೆ ತಿಳಿಯಬೇಕು. ನಂತರದ ಏಳು ದಿನಗಳಲ್ಲಿ ತಡೆಯುವ ಮೊದಲ ಹಂತದ ಕೆಲಸಗಳೆಲ್ಲ ಮುಗಿದಿರಬೇಕು. ನನಗೆ ಈ ಅಳತೆಗೋಲು ಇಷ್ಟವಾಗುವುದು ಒಂದೇ ಕಾರಣಕ್ಕೆ: ಇದನ್ನು ದೆಹಲಿಯಲ್ಲಿ ಕುಳಿತು ಅಳೆಯಲು ಆಗುವುದಿಲ್ಲ. ನಮ್ಮ ಉತ್ತರ ಕನ್ನಡದ ಸಿದ್ದಾಪುರದಲ್ಲೋ ಹೊನ್ನಾವರದಲ್ಲೋ ಅಳೆಯಬೇಕು. ಅಳೆಯಲು ನಮ್ಮಲ್ಲಿ ಒಂದು ರೋಗವೂ ಸಿದ್ಧವಾಗಿದೆ. ಅರವತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಪ್ರತಿ ಬೇಸಿಗೆ ನಮ್ಮ ಪರೀಕ್ಷೆ ತೆಗೆದುಕೊಳ್ಳುತ್ತಿರುವ ಮಂಗನ ಕಾಯಿಲೆ.

ಹಳೆಯ ‘ಹೊಸ ರೋಗ’

ಕ್ಯಾಸನೂರು ಕಾಡು ಇರುವುದು ಸೊರಬ ತಾಲ್ಲೂಕಿನಲ್ಲಿ, ಸಿದ್ದಾಪುರದ ನೆರೆಯಲ್ಲೇ. 1957ರಲ್ಲಿ ಅಲ್ಲಿ ಮಂಗಗಳು ಸಾಲಾಗಿ ಸಾಯತೊಡಗಿದವು. ಸುತ್ತಲ ಹಳ್ಳಿಗಳ ಜನ ಜ್ವರದಿಂದ ಮಲಗಿದರು. ಪುಣೆಯ ವೈರಾಣು ಸಂಶೋಧನಾ ಕೇಂದ್ರಕ್ಕೆ ಆಗ ಐದು ವರ್ಷ ವಯಸ್ಸು. ಅಲ್ಲಿಂದ ಬಂದ ವಿಜ್ಞಾನಿಗಳಿಗೆ ಮೊದಲು ಹುಟ್ಟಿದ್ದು ಹಳದಿ ಜ್ವರದ ಭಯ. ಹಳದಿ ಜ್ವರ ಇರುವ ದಕ್ಷಿಣ ಅಮೆರಿಕದ ದೇಶಗಳಲ್ಲಿಯೂ ಕಾಡಿನ ಮಂಗಗಳೇ ಮೊದಲು ಸಾಯುತ್ತವೆ. ಅದನ್ನು ಹರಡಬಲ್ಲ ಸೊಳ್ಳೆ ಭಾರತದಲ್ಲಿ ಬೇಕಾದಷ್ಟಿದೆ. ರೋಗ ಮಾತ್ರ ಇಲ್ಲ. ಅದು ಕಾಲಿಟ್ಟಿದ್ದರೆ ದೇಶವೇ ತತ್ತರಿಸುತ್ತಿತ್ತು. ಪರೀಕ್ಷೆ ಮಾಡಿ ನೋಡಿದರೆ ಸಿಕ್ಕಿದ್ದು ಜಗತ್ತಿಗೇ ಅಪರಿಚಿತವಾಗಿದ್ದ ವೈರಾಣು. ಅದರ ಹತ್ತಿರದ ನೆಂಟರಿದ್ದದ್ದು ರಷ್ಯಾದ ಕಾಡುಗಳಲ್ಲಿ. ಅಲ್ಲಿಯೂ ಉಣುಗು, ಅಂದರೆ ಪ್ರಾಣಿಗಳ ಮೈಗೆ ಹತ್ತುವ ಉಣ್ಣೆ, ಕಚ್ಚಿಯೇ ಹರಡುವ ಮಿದುಳು ಜ್ವರದ ವೈರಾಣುಗಳು.

ರೋಗ ಸಾಗುವ ದಾರಿ ತಿಳಿದರೆ ಎಚ್ಚರಿಕೆಯ ಗಂಟೆ ಎಲ್ಲಿ ಕಟ್ಟಬೇಕೆಂಬುದೂ ತಿಳಿಯುತ್ತದೆ. ವೈರಾಣು ಕಾಡಿನ ಇಲಿ, ಮೂಗಿಲಿಯಂಥ ಸಣ್ಣ ಪ್ರಾಣಿಗಳಲ್ಲೂ ಉಣುಗುಗಳಲ್ಲೂ ಸದ್ದಿಲ್ಲದೆ ಬದುಕಿರುತ್ತದೆ. ಸೋಂಕಿನ ಉಣುಗು ಮುಸಿಯನಿಗೋ ಕೆಂಪುಮೂತಿಯ ಮಂಗನಿಗೋ ಕಚ್ಚಿದಾಗ ಆ ಪ್ರಾಣಿಯ ರಕ್ತದಲ್ಲಿ ಅದು ವಿಪರೀತ ಹೆಚ್ಚುತ್ತದೆ. ಮಂಗ ಸಾಯುತ್ತದೆ. ಹೆಣ ತಣ್ಣಗಾದೊಡನೆ ಅದರ ಮೈಮೇಲಿನ ಉಣುಗುಗಳೆಲ್ಲ ಕೆಳಗಿಳಿಯುತ್ತವೆ. ಮಂಗ ಬಿದ್ದ ಜಾಗ ಕೆಲವು ದಿನಗಳಲ್ಲಿ ಸೋಂಕಿನ ಮಡುವಾಗುತ್ತದೆ. ಮನುಷ್ಯರಿಗೆ ಹೆಚ್ಚಾಗಿ ಕಚ್ಚುವುದು ಮರಿ ಉಣುಗು. ಅದರ ಕಾಲ ಸುಮಾರು ನವೆಂಬರಿನಿಂದ ಮೇ ತನಕ. ಅಡಿಕೆ ಕೊಯ್ಲು, ಸೊಪ್ಪಿನ ಬೆಟ್ಟದಲ್ಲಿ ದರಕು (ಒಣ ಎಲೆ) ಗುಡಿಸುವುದು, ಉರುವಲು ತರುವುದು, ದನ ಮೇಯಿಸುವುದು, ಎಲ್ಲವೂ ಅದೇ ತಿಂಗಳುಗಳ ಕೆಲಸ. ಯಾರು ಬೆಟ್ಟಕ್ಕೆ ಹೋಗದೆ ಇರಲು ಸಾಧ್ಯ? ‘ಕಾಡಿಗೆ ಹೋಗಬೇಡಿ’ ಎಂಬ ಭಿತ್ತಿಪತ್ರ ನೋಡಿದಾಗಲೆಲ್ಲ ಅದನ್ನು ಬರೆದವರು ಎಂದಾದರೂ ದರಕು ಹೊತ್ತಿದ್ದಾರೆಯೇ ಎಂಬ ಅನುಮಾನ ನನಗೆ ಬರುತ್ತದೆ.

ಕಚ್ಚಿದ ಮೂರರಿಂದ ಎಂಟು ದಿನಗಳಲ್ಲಿ ಜ್ವರ ಏರುತ್ತದೆ. ಹಣೆ ಸಿಡಿಯುವ ತಲೆನೋವು, ಎದ್ದು ಕೂರಲಾಗದ ಮೈಕೈ ನೋವು. ಕೆಲವರಿಗೆ ಮೂಗು, ವಸಡು, ಕರುಳಿನಲ್ಲಿ ರಕ್ತಸ್ರಾವ. ಒಂದಷ್ಟು ಜನರಿಗೆ ಜ್ವರ ಬಿಟ್ಟು ಒಂದೆರಡು ವಾರದ ಮೇಲೆ ಮತ್ತೆ ಬಂದು ಮಿದುಳಿಗೆ ತಾಗುತ್ತದೆ. ನೂರಕ್ಕೆ ಮೂರರಿಂದ ಐದು ಮಂದಿ ಸಾಯುತ್ತಾರೆ. ವೈರಾಣುವನ್ನೇ ಕೊಲ್ಲುವ ಔಷಧವಿಲ್ಲ. ಬೇಗ ಗುರುತಿಸಿ, ದ್ರವಾಂಶ, ರಕ್ತಸ್ರಾವ, ರಕ್ತದೊತ್ತಡ ನೋಡಿಕೊಂಡರೆ ಹೆಚ್ಚಿನವರು ಉಳಿಯುತ್ತಾರೆ. ಮನುಷ್ಯನಿಂದ ಮನುಷ್ಯನಿಗೆ ಇದು ಹರಡುವುದಿಲ್ಲ. ಈ ಒಳ್ಳೆಯ ಗುಣವೇ ನಮ್ಮ ಪಾಲಿಗೆ ಕೆಟ್ಟದ್ದೂ ಆಗಿದೆ: ವಿಮಾನ ಹತ್ತಿ ರಾಜಧಾನಿಗೆ ಹೋಗದ ರೋಗಕ್ಕೆ ರಾಜಧಾನಿ ಹೆದರುವುದಿಲ್ಲ.

ಸುದ್ದಿಯ ದಾರಿ

7-1-7ರ ಮೊದಲ ಏಳನ್ನು ಇಲ್ಲಿ ಅಳೆಯೋಣ. ಮಂಗ ಸಾಯುವುದು ಮನುಷ್ಯರಿಗೆ ಜ್ವರ ಬರುವ ಮೊದಲು. ಅಂದರೆ ಪ್ರಕೃತಿಯೇ ನಮಗೆ ಒಂದಷ್ಟು ದಿನಗಳ ಅವಧಿ ಕೊಟ್ಟಿದೆ. ಜಗತ್ತಿನ ಎಷ್ಟೋ ರೋಗಗಳಲ್ಲಿ ಈ ಸೌಲಭ್ಯ ಇಲ್ಲ. ಹೆಣ ಕಂಡವರು ಹೇಳಬೇಕು, ಹೇಳುವುದು ಯಾರಿಗೆ? ಮಂಗ ಅರಣ್ಯ ಇಲಾಖೆಯದು. ಅದರ ಮರಣೋತ್ತರ ಪರೀಕ್ಷೆ ಪಶು ವೈದ್ಯರದು. ಅದರಿಂದ ಬರುವ ಜ್ವರ ಆರೋಗ್ಯ ಇಲಾಖೆಯದು. ಕೊಟ್ಟಿಗೆಯ ದನದ ಮೈಮೇಲಿನ ಉಣುಗು ಮತ್ತೆ ಪಶುಸಂಗೋಪನಾ ಇಲಾಖೆಯದು. ಸತ್ತ ಮಂಗನನ್ನು ಸುಟ್ಟು, ಸುತ್ತ ಮೆಲಾಥಿಯಾನ್ ಪುಡಿ ಹಾಕಿಸುವ ಹೊತ್ತಿಗೆ ಇವರೆಲ್ಲ ಒಬ್ಬರಿಗೊಬ್ಬರು ಫೋನು ಮಾಡಿರಬೇಕು. ಮನುಷ್ಯ, ಪ್ರಾಣಿ, ಪರಿಸರ ಮೂರರ ಆರೋಗ್ಯವನ್ನು ಒಟ್ಟಾಗಿ ನೋಡಬೇಕೆಂಬ ‘ಒಂದು ಆರೋಗ್ಯ’ ಎಂಬ ವಿಚಾರಕ್ಕೆ ಈಗ ರಾಷ್ಟ್ರಮಟ್ಟದ ಅಭಿಯಾನವೇ ಇದೆ. ದೊಡ್ಡ ಮಾತು, ಸರಿಯಾದ ಮಾತು. ಆದರೆ ತಾಲ್ಲೂಕಿನಲ್ಲಿ ಅದರ ಅರ್ಥ ಇಷ್ಟೇ: ಅರಣ್ಯ ರಕ್ಷಕರ ಮೊಬೈಲಿನಲ್ಲಿ ವೈದ್ಯಾಧಿಕಾರಿಯ ನಂಬರ್ ಇದೆಯೇ?

ಮನುಷ್ಯರ ಕಡೆಯ ಸುದ್ದಿಗೆ ದಾರಿ ಇನ್ನಷ್ಟು ಸ್ಪಷ್ಟ. 2004ರಲ್ಲಿ ಕೇಂದ್ರ ಸರ್ಕಾರ ಸಮಗ್ರ ರೋಗ ಕಣ್ಗಾವಲು ಕಾರ್ಯಕ್ರಮ ಆರಂಭಿಸಿತು. ಉಪಕೇಂದ್ರದ ಆರೋಗ್ಯ ಕಾರ್ಯಕರ್ತೆ ತಾನು ಕಂಡ ಜ್ವರ, ಭೇದಿ, ಕೆಮ್ಮುಗಳನ್ನು ಒಂದು ನಮೂನೆಯಲ್ಲಿ ತುಂಬುತ್ತಾರೆ. ವೈದ್ಯರು ತಮ್ಮ ಸಂಶಯದ ರೋಗವನ್ನು ಇನ್ನೊಂದರಲ್ಲಿ. ಪ್ರಯೋಗಾಲಯ ಖಚಿತವಾದದ್ದನ್ನು ಮೂರನೆಯದರಲ್ಲಿ. ಮೊದಲು ಕಾಗದದಲ್ಲಿ ವಾರಕ್ಕೊಮ್ಮೆ ಹೋಗುತ್ತಿದ್ದ ಈ ಲೆಕ್ಕವನ್ನು ಈಗ ಸಮಗ್ರ ಆರೋಗ್ಯ ಮಾಹಿತಿ ವೇದಿಕೆ ಎಂಬ ಜಾಲತಾಣಕ್ಕೆ ತುಂಬಬೇಕು. 2018ರಲ್ಲಿ ಪ್ರಾಯೋಗಿಕವಾಗಿ ಅದನ್ನು ಶುರು ಮಾಡಿದ ಕೆಲವೇ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಒಂದು ಹಳ್ಳಿಯಲ್ಲಿ ದಿಢೀರನೆ ಜ್ವರ ಹೆಚ್ಚಿದರೆ ನಕ್ಷೆಯಲ್ಲಿ ಆ ಜಾಗ ಎದ್ದು ಕಾಣುತ್ತದೆ, ಕಾರವಾರದ ಜಿಲ್ಲಾ ಕಣ್ಗಾವಲು ಘಟಕಕ್ಕೂ ಬೆಂಗಳೂರಿಗೂ ದೆಹಲಿಗೂ ಅದು ಏಕಕಾಲಕ್ಕೆ ಕಾಣುತ್ತದೆ ಎಂಬುದು ಲೆಕ್ಕಾಚಾರ.

ಲೆಕ್ಕಾಚಾರದಲ್ಲಿ ಎರಡು ತೂತುಗಳಿವೆ. ಒಂದು, ಜ್ವರ ಬಂದವರೆಲ್ಲ ಸರ್ಕಾರಿ ಕೇಂದ್ರಕ್ಕೆ ಹೋಗುವುದಿಲ್ಲ. ಪೇಟೆಯ ಖಾಸಗಿ ಕ್ಲಿನಿಕ್ಕಿಗೆ ಹೋಗಿ ಒಂದು ಇಂಜೆಕ್ಷನ್ ಚುಚ್ಚಿಸಿಕೊಂಡು ಬರುವವರ ಜ್ವರ ನಮೂನೆಗೆ ಹತ್ತಬೇಕಾದರೆ ಆ ವೈದ್ಯರೂ ತುಂಬಬೇಕು. ಎರಡು, ನೆಟ್‌ವರ್ಕ್. ಜೋಯಿಡಾದ ಒಳಹಳ್ಳಿಗಳಲ್ಲಿ, ಘಟ್ಟದ ಇಳುಕಲಿನ ಮಜರೆಗಳಲ್ಲಿ ಸಿಗ್ನಲ್ ಹುಡುಕಿ ಗುಡ್ಡ ಹತ್ತುವ ಆಶಾ ಕಾರ್ಯಕರ್ತೆಯನ್ನು ಕಾಣದವರು ನಮ್ಮಲ್ಲಿ ಯಾರೂ ಇಲ್ಲ. ಯಾವ ಮನೆಯವರು ಯಾವ ಬೆಟ್ಟಕ್ಕೆ ಹೋಗಿದ್ದರು, ಯಾರ ಜ್ವರ ಮೂರು ದಿನದಿಂದ ಇಳಿದಿಲ್ಲ ಎಂಬುದು ಬಾಯಿಗೇ ಬರುವುದು ಅವರಿಗೆ. ಗೌರವಧನದ ಮೇಲೆ ದುಡಿಯುವ ಇವರಿಗೆ ಆ ಗೌರವಧನ ಸಕಾಲಕ್ಕೆ ಬರಲಿ ಎಂದು ಪದೇಪದೇ ಧರಣಿ ಕೂರಬೇಕಾಗಿರುವುದನ್ನೂ ಸನ್ನದ್ಧತೆಯ ಲೆಕ್ಕದಲ್ಲಿ ಸೇರಿಸಿಕೊಳ್ಳಬೇಕು. ಸೂಚ್ಯಂಕಗಳು ಅದನ್ನು ಕೇಳುವುದಿಲ್ಲ.

ಮುಂದಿನದು ರಕ್ತದ ಮಾದರಿ. ಜ್ವರದ ಮೊದಲ ದಿನಗಳಲ್ಲಿ ಆರ್‌ಟಿ-ಪಿಸಿಆರ್, ಆಮೇಲೆ ಪ್ರತಿಕಾಯ ಪರೀಕ್ಷೆ. ಮಂಗನ ಕಾಯಿಲೆಯ ವೈರಾಣು ಪ್ರಯೋಗಾಲಯದ ಸಿಬ್ಬಂದಿಗೂ ತಗುಲಿದ ಇತಿಹಾಸ ಇರುವುದರಿಂದ ಎಲ್ಲೆಂದರಲ್ಲಿ ಅದನ್ನು ಬೆಳೆಸಿ ನೋಡುವಂತಿಲ್ಲ. ಅತಿ ಹೆಚ್ಚು ಭದ್ರತೆಯ, ನಾಲ್ಕನೆಯ ಹಂತದ ಪ್ರಯೋಗಾಲಯ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯಲ್ಲಿ 2012ರಲ್ಲಿ ಉದ್ಘಾಟನೆಯಾಯಿತು. ನಿತ್ಯದ ಪರೀಕ್ಷೆಗೆ ಮಲೆನಾಡಿನವರ ಆಸರೆ ಶಿವಮೊಗ್ಗದ ವೈರಾಣು ಪ್ರಯೋಗಾಲಯ. ಸಿದ್ದಾಪುರಕ್ಕೆ ಜಿಲ್ಲಾಕೇಂದ್ರ ಕಾರವಾರಕ್ಕಿಂತ ಶಿವಮೊಗ್ಗವೇ ಹತ್ತಿರ. ಆಡಳಿತದ ನಕ್ಷೆಯೂ ರೋಗದ ನಕ್ಷೆಯೂ ಒಂದೇ ಆಗಿರುವುದಿಲ್ಲ. ಶಿರಸಿ ಜಿಲ್ಲೆ ಬೇಕೆನ್ನುವವರ ವಾದಕ್ಕೆ ಇದನ್ನೂ ಸೇರಿಸಿಕೊಳ್ಳಬಹುದು, ನಾನು ಆ ಜಗಳಕ್ಕೆ ಇಳಿಯುವುದಿಲ್ಲ.

ರೋಗವೂ ಗಡಿ ನೋಡಲಿಲ್ಲ. ಬಹುಕಾಲ ಶಿವಮೊಗ್ಗ ಮತ್ತು ನೆರೆಯ ಜಿಲ್ಲೆಗಳದ್ದೆಂದು ತಿಳಿದಿದ್ದ ಕಾಯಿಲೆ 2012ರಲ್ಲಿ ಬಂಡೀಪುರದಲ್ಲಿ, ನಂತರ ವಯನಾಡು, ಮಲಪ್ಪುರಗಳಲ್ಲಿ, 2015ರಲ್ಲಿ ಗೋವಾದ ಸತ್ತರಿ ತಾಲ್ಲೂಕಿನಲ್ಲಿ, 2016ರಲ್ಲಿ ಮಹಾರಾಷ್ಟ್ರದ ಸಿಂಧುದುರ್ಗದಲ್ಲಿ ಕಾಣಿಸಿಕೊಂಡಿತು. ಗೋವಾದ ಗೇರು ತೋಟಗಳಿಗೆ ಕೂಲಿಗೆ ಹೋಗಿದ್ದ ಬೆಳಗಾವಿ ಕಡೆಯವರು ಅಲ್ಲಿ ಸೋಂಕು ಹತ್ತಿಸಿಕೊಂಡು ಊರಿಗೆ ಬಂದು ಮಲಗಿದ್ದು 2016ರಲ್ಲೇ. ಜ್ವರ ಕಂಡ ಊರಿನಲ್ಲಿ ರೋಗ ಹುಟ್ಟಿರಲಿಲ್ಲ, ಹುಟ್ಟಿದ ಊರಿನಲ್ಲಿ ಆ ರೋಗಿಗಳು ಇರಲಿಲ್ಲ. ಎರಡು ರಾಜ್ಯಗಳ ಲೆಕ್ಕ ಒಂದುಗೂಡಿದಾಗಲೇ ಕಥೆ ಅರ್ಥವಾಗುವುದು. ಮಾಜಾಳಿ ದಾಟಿದರೆ ಗೋವಾ ಎನ್ನುವ ಕಾರವಾರದವರಿಗೆ, ದೂರದ ರಾಜ್ಯಗಳಿಂದ ಬಂದ ಕಾರ್ಮಿಕರು ದೋಣಿ ಹತ್ತುವ ಬೈತಖೋಲ, ತದಡಿ, ಹೊನ್ನಾವರದ ಬಂದರುಗಳಿಗೆ ಇದು ಪಕ್ಕದ ಮನೆಯ ಸಂಗತಿಯಲ್ಲ.

ಲಸಿಕೆ ಇತ್ತು, ಇಲ್ಲವಾಯಿತು

ನನಗೆ ಅತಿ ಹೆಚ್ಚು ಕೋಪ ಬರಿಸುವುದು ಲಸಿಕೆಯ ಕಥೆ. ಹೊಸ ರೋಗಕ್ಕೆ ನೂರು ದಿನದಲ್ಲಿ ಲಸಿಕೆ ತಯಾರಿಸಬೇಕು ಎಂದು ಇಂದು ಜಗತ್ತಿನ ದೊಡ್ಡ ವೇದಿಕೆಗಳಲ್ಲಿ ಗುರಿ ಹಾಕುತ್ತಾರೆ. ನಮ್ಮ ನೀತಿ ಆಯೋಗದ ಪರಿಣತರ ತಂಡವೂ 2024ರ ವರದಿಯಲ್ಲಿ ರೋಗ ತಲೆಯೆತ್ತಿದ ಮೊದಲ ನೂರು ದಿನಗಳೇ ನಿರ್ಣಾಯಕ ಎಂದಿತು. ಮಂಗನ ಕಾಯಿಲೆಗೆ ನೂರು ದಿನದ ಅಗತ್ಯವೇ ಇರಲಿಲ್ಲ, ಲಸಿಕೆ ದಶಕಗಳಿಂದ ಕೈಯಲ್ಲಿತ್ತು. ಕೋಳಿ ಭ್ರೂಣದ ಜೀವಕೋಶಗಳಲ್ಲಿ ವೈರಾಣು ಬೆಳೆಸಿ, ಫಾರ್ಮಲಿನ್ನಿನಿಂದ ಕೊಂದು ಮಾಡುವ ಲಸಿಕೆ. ತಯಾರಾಗುತ್ತಿದ್ದದ್ದು ಬೆಂಗಳೂರಿನ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆಯಲ್ಲಿ. ಒಂದು ತಿಂಗಳ ಅಂತರದಲ್ಲಿ ಎರಡು ಡೋಸ್, ಆರರಿಂದ ಒಂಬತ್ತು ತಿಂಗಳಿಗೆ ಇನ್ನೊಂದು, ಆಮೇಲೆ ಪ್ರತಿ ವರ್ಷ ಒಂದು.

ಚುಚ್ಚಿದ ತೋಳು ವಿಪರೀತ ನೋಯುತ್ತಿತ್ತು. ಮರುದಿನದ ಕೂಲಿ ತಪ್ಪುತ್ತದೆಂದು ಎರಡನೆಯ ಡೋಸಿಗೆ ಬಾರದವರು ಬಹಳ. 2005ರಿಂದ 2010ರ ಅವಧಿಯ ಅಂಕಿ ಅಂಶಗಳ ಅಧ್ಯಯನವೊಂದು ಎರಡು ಡೋಸ್ ಪಡೆದವರಿಗೆ ಶೇಕಡ 62ರಷ್ಟು, ಬೂಸ್ಟರ್ ಸೇರಿದರೆ ಶೇಕಡ 83ರಷ್ಟು ರಕ್ಷಣೆ ಸಿಗುತ್ತದೆ ಎಂದಿತು. ನಂತರದ ವರ್ಷಗಳಲ್ಲಿ ಲಸಿಕೆ ಹಾಕಿಸಿಕೊಂಡವರಿಗೂ ಕಾಯಿಲೆ ಬಂತು. ಕೊನೆಗೆ 2022ರಲ್ಲಿ ಪರಿಣಾಮ ಸಾಲದೆಂದು ಲಸಿಕೆ ಕಾರ್ಯಕ್ರಮವನ್ನೇ ನಿಲ್ಲಿಸಲಾಯಿತು. 2024ರ ಬೇಸಿಗೆಯಲ್ಲಿ ಸಿದ್ದಾಪುರ ತಾಲ್ಲೂಕಿನಲ್ಲಿ ಕಾಯಿಲೆ ಜೋರಾಗಿ ಎದ್ದಾಗ ಜನರ ಕೈಯಲ್ಲಿ ಉಳಿದದ್ದು ಉಣುಗು ಹತ್ತದಂತೆ ಹಚ್ಚಿಕೊಳ್ಳುವ ಡೆಪಾ ಎಣ್ಣೆ ಮಾತ್ರ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೂ ಇಂಡಿಯನ್ ಇಮ್ಯುನಾಲಾಜಿಕಲ್ಸ್ ಕಂಪನಿಯೂ ಸೇರಿ ಹೊಸ ಲಸಿಕೆಯ ಕೆಲಸಕ್ಕೆ ಕೈಹಾಕಿವೆ.

ಇದರಲ್ಲಿ ವಿಜ್ಞಾನದ ಸೋಲಿಗಿಂತ ನಿಗಾ ಇಲ್ಲದ ಸೋಲು ದೊಡ್ಡದು. ಅಡಿಕೆ ಬೆಳೆಗಾರನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಕೊಳೆರೋಗ ತಡೆಯಲು ಮಳೆಗೆ ಮೊದಲೇ ಬೋರ್ಡೋ ದ್ರಾವಣ ಹೊಡೆಯಬೇಕು, ನಲವತ್ತು ದಿನದ ಹೊತ್ತಿಗೆ ಮತ್ತೆ ಹೊಡೆಯಬೇಕು, ದ್ರಾವಣ ಹದವಾಗಿರಬೇಕು, ಒಂದು ತಪ್ಪಿದರೂ ಕೊಳೆ ಬಿದ್ದ ಮೇಲೆ ದೋಟಿ ಎತ್ತಿ ಪ್ರಯೋಜನವಿಲ್ಲ. ವರ್ಷಕ್ಕೆ ಸರಾಸರಿ ನಾಲ್ಕೈದು ನೂರು ಮಂದಿಗೆ, ಅದೂ ಕಾಡಂಚಿನ ಬಡವರಿಗೆ ಬರುವ ರೋಗದ ಲಸಿಕೆಯಲ್ಲಿ ಯಾವ ಕಂಪನಿಗೂ ಲಾಭವಿಲ್ಲ. ಆದ್ದರಿಂದ ಅದರ ಗುಣಮಟ್ಟವನ್ನು ವರ್ಷವರ್ಷ ನೋಡಿಕೊಳ್ಳುವುದು, ಹೊಸದನ್ನು ಹಳೆಯದು ಕೈಕೊಡುವ ಮೊದಲೇ ಸಿದ್ಧಮಾಡುವುದು ಸರ್ಕಾರದ ಕೆಲಸವೇ ಆಗಿತ್ತು. ಇದೊಂದು ರೋಗದಲ್ಲಿ ಆಗದ್ದು ನಾಳೆಯ ಹೆಸರಿಲ್ಲದ ರೋಗದಲ್ಲಿ ಆಗುತ್ತದೆಂದು ನಂಬುವುದು ಹೇಗೆ?

ನಿಜವಾಗಿಯೂ ಹೊಸದು ಬಂದರೆ

2018ರ ಮೇ ತಿಂಗಳಲ್ಲಿ ಕೋಯಿಕ್ಕೋಡಿನಲ್ಲಿ ನಿಫಾ ಕಾಣಿಸಿದಾಗ ಆದದ್ದನ್ನು ನೋಡಿ. ಮೊದಲ ರೋಗಿ ಸತ್ತಾಗ ಯಾರಿಗೂ ಸಂಶಯ ಬರಲಿಲ್ಲ. ಅದೇ ಮನೆಯ ಎರಡನೆಯವರು ಅದೇ ಲಕ್ಷಣಗಳೊಂದಿಗೆ ಬಂದಾಗ ಆಸ್ಪತ್ರೆಯ ವೈದ್ಯರು ‘ಇದು ಮಾಮೂಲಿ ಮಿದುಳು ಜ್ವರ ಅಲ್ಲ’ ಎಂದುಕೊಂಡರು. ಮಾದರಿ ಹೋದದ್ದು ನಮ್ಮದೇ ಕರಾವಳಿಯ ಮಣಿಪಾಲಕ್ಕೆ. ಪುಣೆ ಅದನ್ನು ದೃಢಪಡಿಸಿತು. ಕೇರಳ ಹಿಂದೆಂದೂ ಕಾಣದ ರೋಗಕ್ಕೆ ಎರಡನೆಯ ರೋಗಿಯಲ್ಲೇ ಹೆಸರು ಸಿಕ್ಕಿತ್ತು. ಆದರೂ 17 ಮಂದಿ ಸತ್ತರು. ಅವರಲ್ಲಿ ಮೊದಲ ರೋಗಿಯ ಆರೈಕೆ ಮಾಡಿದ್ದ ನರ್ಸ್ ಒಬ್ಬರೂ ಇದ್ದರು. ಹೆಸರು ಸಿಗುವ ಮೊದಲೇ ಆಸ್ಪತ್ರೆಗಳ ಒಳಗೆ ಹೆಚ್ಚಿನವರಿಗೆ ಸೋಂಕು ತಗುಲಿತ್ತು. ಮಂಗನ ಕಾಯಿಲೆಗೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲಿಯೇ: ಉಣುಗಿನ ಕಾಯಿಲೆಯಲ್ಲಿ ತಡವಾದರೆ ಆ ಬೆಟ್ಟದ ಸುತ್ತಲಿನವರು ನರಳುತ್ತಾರೆ, ಮನುಷ್ಯನಿಂದ ಮನುಷ್ಯನಿಗೆ ಹಾರುವ ರೋಗದಲ್ಲಿ ತಡವಾದರೆ ಆಸ್ಪತ್ರೆಯೇ ಹರಡುವ ತಾಣವಾಗುತ್ತದೆ.

ಉತ್ತರ ಕನ್ನಡದಲ್ಲಿ ಅಂಥ ರೋಗಿ ಎಲ್ಲಿಗೆ ಹೋಗುತ್ತಾರೆ? ಕಾರವಾರದಲ್ಲಿ ವೈದ್ಯಕೀಯ ಕಾಲೇಜು ಇದೆ. ಆದರೂ ಸ್ಥಿತಿ ಗಂಭೀರವಾದರೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಗೋವಾ. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಹೊತ್ತು ಹೊರಟ ಆಂಬುಲೆನ್ಸ್ ಬೈಂದೂರಿನ ಶಿರೂರು ಟೋಲ್ ಬಳಿ ಮಗುಚಿ ನಾಲ್ವರು ಸತ್ತಾಗ ಜಿಲ್ಲೆಗೊಂದು ದೊಡ್ಡ ಆಸ್ಪತ್ರೆ ಬೇಕೆಂಬ ಕೂಗು ಎದ್ದಿತು. ಎರಡು ವರ್ಷದ ನಂತರ, 2024ರ ಜುಲೈ 16ರಂದು, ಇನ್ನೊಂದು ಶಿರೂರಿನಲ್ಲಿ, ಅಂಕೋಲಾ ತಾಲ್ಲೂಕಿನಲ್ಲಿ, ಗುಡ್ಡ ಕುಸಿದು ಹೆದ್ದಾರಿಯೇ ದಿನಗಟ್ಟಲೆ ಬಂದಾಯಿತು. ಮಳೆಗಾಲದಲ್ಲಿ ಘಟ್ಟದ ರಸ್ತೆಗಳ ಪಾಡು ಹೇಳುವುದೇ ಬೇಡ. ಸೋಂಕಿನ ರೋಗಿಯನ್ನು ಇನ್ನೂರು ಕಿಲೋಮೀಟರ್ ಸಾಗಿಸುವುದೆಂದರೆ ದಾರಿಯ ಪ್ರತಿ ಆಸ್ಪತ್ರೆಯ ಸಿಬ್ಬಂದಿಯನ್ನೂ ಅಪಾಯಕ್ಕೆ ಒಡ್ಡುವುದು. 2020ರಲ್ಲಿ ಭಟ್ಕಳದಲ್ಲಿ ಕೋವಿಡ್ ಕಾಣಿಸಿದಾಗ ರೋಗಿಗಳನ್ನು ಕಾರವಾರದ ನೌಕಾಪಡೆಯ ಪತಂಜಲಿ ಆಸ್ಪತ್ರೆಯಲ್ಲಿ ನೋಡಿಕೊಂಡರು, ಚೆನ್ನಾಗಿಯೇ ನೋಡಿಕೊಂಡರು. ನೌಕಾನೆಲೆ ಇಲ್ಲದ ಜಿಲ್ಲೆಯಾಗಿದ್ದರೆ ಎಂಬ ಪ್ರಶ್ನೆಯನ್ನು ಆಮೇಲೆ ಯಾರೂ ಹೆಚ್ಚು ಕೇಳಲಿಲ್ಲ.

ಹಣವೇ ಇಲ್ಲ ಎನ್ನುವಂತಿಲ್ಲ. 2021ರಲ್ಲಿ ಪ್ರಕಟವಾದ ಆಯುಷ್ಮಾನ್ ಭಾರತ ಆರೋಗ್ಯ ಮೂಲಸೌಕರ್ಯ ಯೋಜನೆಗೆ 64,180 ಕೋಟಿ ರೂಪಾಯಿ ಗೊತ್ತುಮಾಡಿದರು. ಪ್ರತಿ ಜಿಲ್ಲೆಗೆ ಸಮಗ್ರ ಸಾರ್ವಜನಿಕ ಆರೋಗ್ಯ ಪ್ರಯೋಗಾಲಯ, ದೊಡ್ಡ ಜಿಲ್ಲೆಗಳಿಗೆ ತೀವ್ರ ನಿಗಾ ವಿಭಾಗದ ಕಟ್ಟಡ ಅದರ ಭಾಗ. ಕಟ್ಟಡ ಏಳುತ್ತದೆ, ಯಂತ್ರ ಬರುತ್ತದೆ. ವೆಂಟಿಲೇಟರ್ ನಡೆಸುವ ಅರಿವಳಿಕೆ ತಜ್ಞರು, ರಾತ್ರಿ ಎರಡು ಗಂಟೆಗೆ ಮಾದರಿ ಸ್ವೀಕರಿಸುವ ತಂತ್ರಜ್ಞರು ಘಟ್ಟದ ತಾಲ್ಲೂಕುಗಳಿಗೆ ಬಂದು ನೆಲೆಸುವುದು ಮಾತ್ರ ಟೆಂಡರ್ ಕರೆದು ಆಗುವ ಕೆಲಸವಲ್ಲ.

ಕಾನೂನಿನ ವಿಷಯ ಚಿಕ್ಕದು. 1896ರಲ್ಲಿ ಮುಂಬೈಗೆ ಪ್ಲೇಗ್ ಬಂದಾಗ ಬ್ರಿಟಿಷರು ಮಾಡಿದ 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆಯಲ್ಲಿ ಇದ್ದದ್ದು ನಾಲ್ಕು ಸೆಕ್ಷನ್. 2020ರಲ್ಲಿ ಆರೋಗ್ಯ ಸಿಬ್ಬಂದಿಯ ಮೇಲಿನ ಹಲ್ಲೆ ತಡೆಯಲು ತಿದ್ದುಪಡಿಯಾಯಿತು. ಅದೇ ವರ್ಷ ಕರ್ನಾಟಕ ತನ್ನದೇ ಕಾಯ್ದೆ ಮಾಡಿಕೊಂಡಿತು. ಬ್ರಿಟಿಷರ ಆ ಕಾಯ್ದೆ ಸರ್ಕಾರಕ್ಕೆ ಏನೇನು ಅಧಿಕಾರವಿದೆ ಎಂದು ಹೇಳುತ್ತದೆ. ಮಾದರಿಯ ಫಲಿತಾಂಶ ಇಷ್ಟು ದಿನದೊಳಗೆ ರೋಗಿಗೂ ಊರಿಗೂ ತಿಳಿಯಬೇಕು ಎಂಬ ಹೊಣೆಯನ್ನು ಯಾರ ಮೇಲೂ ಹೊರಿಸುವುದಿಲ್ಲ. ಅಂತರರಾಷ್ಟ್ರೀಯ ಆರೋಗ್ಯ ನಿಯಮಾವಳಿ ಈ ಮಟ್ಟಿಗೆ ಹೆಚ್ಚು ಖಚಿತ: ಜಗತ್ತಿಗೆ ಅಪಾಯ ತರಬಲ್ಲ ಘಟನೆ ಎಂದು ನಿರ್ಣಯಿಸಿದ 24 ಗಂಟೆಗಳೊಳಗೆ ದೇಶ ವಿಶ್ವ ಆರೋಗ್ಯ ಸಂಸ್ಥೆಗೆ ತಿಳಿಸಬೇಕು. ಭಾರತ ಆ ಸಂಸ್ಥೆಯ ಕೇಂದ್ರ ಕಚೇರಿ ಇರುವ ಜಿನೀವಾಕ್ಕೆ ಉತ್ತರ ಕೊಡಲು 24 ಗಂಟೆಯ ಗಡುವು ಒಪ್ಪಿಕೊಂಡಿದೆ. ದೊಡ್ಮನೆ ಘಟ್ಟದ ಹಳ್ಳಿಗೆ ಉತ್ತರ ಕೊಡಲು ಅಂಥ ಗಡುವಿಲ್ಲ.

ಇದನ್ನು ಬದಲಿಸಲು ಹೊಸ ಆಯೋಗ ಬೇಕಾಗಿಲ್ಲ. ಪ್ರತಿ ಮಳೆಗಾಲದ ಕೊನೆಗೆ, ಉಣುಗಿನ ಕಾಲ ಶುರುವಾಗುವ ಮೊದಲು, ಗ್ರಾಮಸಭೆಗಳಲ್ಲಿ ಮೂರು ಲೆಕ್ಕಗಳನ್ನು ಓದಿ ಹೇಳುವಂತೆ ಕೇಳಬಹುದು. ಕಳೆದ ವರ್ಷ ಸತ್ತ ಮಂಗಗಳ ಸುದ್ದಿ ಬಂದದ್ದು ಯಾವ ತಾರೀಖಿಗೆ, ಅದರ ಪರೀಕ್ಷೆಯ ಫಲಿತಾಂಶ ಬಂದದ್ದು ಯಾವ ತಾರೀಖಿಗೆ? ಜ್ವರದ ರೋಗಿಯ ರಕ್ತ ತೆಗೆದ ದಿನಕ್ಕೂ ವರದಿ ಕೈಗೆ ಬಂದ ದಿನಕ್ಕೂ ನಡುವೆ ಎಷ್ಟು ದಿನ? ಈ ವರ್ಷದ ಡೆಪಾ ಎಣ್ಣೆ ಉಪಕೇಂದ್ರಕ್ಕೆ ಬಂದಿದೆಯೇ, ಇಲ್ಲ ಇನ್ನೂ ಗೋದಾಮಿನಲ್ಲಿದೆಯೇ? ಮೂರಕ್ಕೂ ಉತ್ತರ ಕಡತಗಳಲ್ಲಿ ಇರಲೇಬೇಕು. ಜ್ವರ ಬಂದವರ ಕಡೆಯಿಂದ ಆಗಬೇಕಾದದ್ದು ಇಷ್ಟು: ಯಾವ ವೈದ್ಯರ ಬಳಿ ಹೋದರೂ ಕಳೆದ ಎರಡು ವಾರಗಳಲ್ಲಿ ಬೆಟ್ಟಕ್ಕೆ ಹೋಗಿದ್ದೆವು, ಅಲ್ಲಿ ಮಂಗ ಸತ್ತಿತ್ತು ಎಂದು ಅವರು ಕೇಳುವ ಮೊದಲೇ ಹೇಳುವುದು; ರಕ್ತಸ್ರಾವ ಹೆಚ್ಚಿಸಬಲ್ಲ ನೋವಿನ ಗುಳಿಗೆಗಳನ್ನು ಅಂಗಡಿಯಿಂದ ತಂದು ನುಂಗದಿರುವುದು; ಜ್ವರ ಬಿಟ್ಟು ಒಂದೆರಡು ವಾರದ ಮೇಲೆ ಮತ್ತೆ ಬಂದರೆ ಅದನ್ನು ಬೇರೆ ಜ್ವರ ಎಂದುಕೊಳ್ಳದೆ ಮೊದಲಿನ ಚೀಟಿ ಹಿಡಿದೇ ಆಸ್ಪತ್ರೆಗೆ ಹೋಗುವುದು.